ಬೆಳಕು ಬಿದ್ದರೆ ಗಟ್ಟಿಯಾಗುವ ಮಸಿ ಮತ್ತು ನಮ್ಮ ಹುಡುಗನ ಬೆರಳು



ಈ ಸಲ ಗಡಿ, ನೀರು, ನಾಮಫಲಕ ಇವ್ಯಾವುದರ ಮಾತೂ ಇಲ್ಲ. ರಸಾಯನಶಾಸ್ತ್ರದ ಮಾತು. "ಟಿಸಿಎಚ್, ಬಿಎ ಮಾಡಿದ ಮೇಷ್ಟ್ರಿಗೆ ರಸಾಯನಶಾಸ್ತ್ರ ಯಾಕಪ್ಪಾ?" ಅಂತ ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿದ ಮೇಲೆ ನಗಿ. ನಮ್ಮ ಕಡೆಯ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೇಷ್ಟ್ರು ಕಡಿಮೆ, ಪಾಠ ಜಾಸ್ತಿ. ಸಮಾಜ ಹೇಳಿಕೊಡುವವರೇ ವಿಜ್ಞಾನವನ್ನೂ ಹೇಳಿಕೊಡಬೇಕು. ಹಾಗಾಗಿ ನಮ್ಮ ಪಾಲಿಗೆ ಎಲ್ಲವೂ ಬಂದಿದೆ.

ಮೊನ್ನೆ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಅಕ್ಕನ ಮದುವೆಗೆ ಕರೆಯಲು ಮನೆಗೆ ಬಂದಿದ್ದ. ಎಂಟನೇ ತರಗತಿಯವರೆಗೆ ನಮ್ಮಲ್ಲೇ ಓದಿದವನು. ಹತ್ತು ಮುಗಿಸಿ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಸೇರಿ ನಾಲ್ಕು ವರ್ಷವಾಯಿತು. ಲಗ್ನಪತ್ರಿಕೆ ಅವನೇ ಹೊಡೆದದ್ದು. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ತಮಿಳು, ಬೀಗರ ಕಡೆಯವರಿಗೆ ತೆಲುಗಿನದು ಬೇರೆ. ನಮ್ಮೂರ ಮದುವೆಗಳೇ ಹಾಗೆ. ಪತ್ರಿಕೆ ಚೆನ್ನಾಗಿತ್ತು. ಅದನ್ನು ಕೊಟ್ಟ ಕೈ ಚೆನ್ನಾಗಿರಲಿಲ್ಲ. ಬೆರಳ ಸಂದಿಯೆಲ್ಲ ಕೆಂಪು, ತುದಿಗಳು ಒಣಗಿ ಸೀಳು ಬಿಟ್ಟಿವೆ, ಅಲ್ಲಲ್ಲಿ ನೀರುಗುಳ್ಳೆ.

"ಏನೋ ಇದು?"

"ಕೆಮಿಕಲ್ ಸಾರ್. ರಜಾ ಹಾಕಿದ್ರೆ ವಾಸಿಯಾಗತ್ತೆ, ಮತ್ತೆ ಕೆಲಸಕ್ಕೆ ಹೋದ್ರೆ ಶುರು."

"ಯಾವ ಕೆಮಿಕಲ್?"

"ಹೆಸರು ಗೊತ್ತಿಲ್ಲ ಸಾರ್. ಲೈಟ್ ಬಿದ್ರೆ ಗಟ್ಟಿಯಾಗೋ ಕೆಮಿಕಲ್."

ಚರ್ಮದ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದಾನೆ. ಅವರೂ ಇದನ್ನೇ ಕೇಳಿದ್ದಾರೆ, ಇವನೂ ಇದನ್ನೇ ಹೇಳಿದ್ದಾನೆ. ಹೆಸರು ಗೊತ್ತಿಲ್ಲದ ರೋಗಕ್ಕೆ ಏನು ಕೊಡುತ್ತಾರೆ? ಒಂದು ಮುಲಾಮು ಕೊಟ್ಟು ಕಳಿಸಿದ್ದಾರೆ.

ಮುಂದಿನ ಭಾನುವಾರ ನಾವೇ ಅಂಗಡಿಗೆ ಹೋದೆವು. ಅಲ್ಲಿ ಅಂಥ ಸಾಮಾನು ಎರಡು ಬಗೆಯದಿತ್ತು. ಒಂದು, ಕಿತ್ತಳೆ ಬಣ್ಣದ ಬೈಕ್ರೋಮೇಟ್ ಪುಡಿ. ಇದನ್ನು ನೀರಲ್ಲಿ ಕರಗಿಸಿ ಅಂಟಿನಂಥ ಎಮಲ್ಷನ್‌ಗೆ ಬೆರೆಸಿ, ಚೌಕಟ್ಟಿನ ಬಲೆಬಟ್ಟೆಗೆ ಬಳಿದು, ಮೇಲೆ ಅಕ್ಷರದ ಫಿಲ್ಮ್ ಇಟ್ಟು ಬೆಳಕು ಕೊಡುತ್ತಾರೆ. ಬೆಳಕು ತಾಗಿದ ಜಾಗ ಗಟ್ಟಿಯಾಗುತ್ತದೆ. ಅಕ್ಷರದ ನೆರಳಿದ್ದ ಜಾಗ ನೀರಿಗೆ ತೊಳೆದುಹೋಗುತ್ತದೆ. ಅಲ್ಲಿಂದ ಮಸಿ ಇಳಿಯುತ್ತದೆ. ಇನ್ನೊಂದು, ಪ್ಲಾಸ್ಟಿಕ್ ಸ್ಟಿಕ್ಕರುಗಳಿಗೆ ಹೊಡೆಯುವ ಯುವಿ ಇಂಕಿನ ಡಬ್ಬ. ಇದಕ್ಕೆ ಗಾಳಿಯಲ್ಲಿ ಒಣಗುವ ಚಾಳಿ ಇಲ್ಲ. ಅತಿನೇರಳೆ ದೀಪದ ಕೆಳಗೆ ಹಾದುಹೋದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗಟ್ಟಿ.

ಪುಡಿಯ ಸೀಸೆಯ ಮೇಲೆ ದೊಡ್ಡಕ್ಷರದಲ್ಲಿ "ಸೆನ್ಸಿಟೈಸರ್" ಎಂದಿತ್ತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಸ್ಕಿನ್ ಸೆನ್ಸಿಟೈಸರ್" ಅಂತಲೂ ಇತ್ತು. ಪಕ್ಕದಲ್ಲಿ ಎದೆಯಲ್ಲಿ ನಕ್ಷತ್ರ ಸಿಡಿದಂತಿರುವ ಮನುಷ್ಯನ ಚಿತ್ರ. ಎಲ್ಲ ಇಂಗ್ಲಿಷಿನಲ್ಲಿ. ಕನ್ನಡವಿಲ್ಲ, ಬಿಡಿ. ತಮಿಳೂ ಇಲ್ಲ, ತೆಲುಗೂ ಇಲ್ಲ.

ಹುಡುಗನನ್ನು ಕೇಳಿದೆವು, "ಇದೇನೋ ಸೆನ್ಸಿಟೈಸರ್ ಅಂದ್ರೆ?" ತಕ್ಷಣ ಹೇಳಿದ, "ಎಮಲ್ಷನ್‌ಗೆ ಬೆಳಕು ಹಿಡಿಸೋದು ಸಾರ್." ಸರಿಯಾದ ಉತ್ತರ! "ಮತ್ತೆ ಕೆಳಗಿರೋದು?" "ಅದೂ ಅದೇ ಸಾರ್."

ಅಲ್ಲಿದೆ ನೋಡಿ ಎಡವಟ್ಟು. ಅದು ಅದೇ ಅಲ್ಲ. ಮೇಲಿನ ಪದಕ್ಕೆ 'ಬೆಳಕು ಹಿಡಿಸುವುದು' ಎಂಬ ಅರ್ಥ. ಕೆಳಗಿನದಕ್ಕೆ 'ಮೈಗೆ ಆಗದಂತೆ ಮಾಡಿಬಿಡುವುದು' ಎಂಬ ಅರ್ಥ. ಒಮ್ಮೆ ಚರ್ಮ ಹಾಗೆ ತಿರುಗಿಬಿತ್ತೆಂದರೆ, ಆಮೇಲೆ ಚಿಟಿಕೆಯಷ್ಟು ತಾಗಿದರೂ ತುರಿ, ಗುಳ್ಳೆ, ಸೀಳು. ಸಾಮಾನ್ಯವಾಗಿ ಜನ್ಮಪೂರ್ತಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ ಹೇಳಿದ್ದರೆ ಎರಡು ಬೇರೆ ಬೇರೆ ಮಾತಾಗುತ್ತಿತ್ತು, ಹುಡುಗ ಮೋಸ ಹೋಗುತ್ತಿರಲಿಲ್ಲ. "ವಿಜ್ಞಾನಕ್ಕೆ ಇಂಗ್ಲಿಷೇ ಸರಿ, ಕನ್ನಡದಲ್ಲಿ ಸ್ಪಷ್ಟತೆ ಬರಲ್ಲ" ಎನ್ನುವ ಮಹನೀಯರು ದಯವಿಟ್ಟು ಈ ಸೀಸೆಯನ್ನೊಮ್ಮೆ ನೋಡಬೇಕು!

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಇದೇ ಹುಡುಗನಿಗೆ ನಾವೇ ಉರು ಹೊಡೆಸಿದ್ದೆವು: "ಅನೇಕ ಚಿಕ್ಕ ಅಣುಗಳು ಸೇರಿ ದೊಡ್ಡ ಅಣುವಾಗುವ ಕ್ರಿಯೆಗೆ ಪಾಲಿಮರೀಕರಣ ಎನ್ನುವರು." ತಪ್ಪು ಬರೆದಾಗ ಐದು ಸಲ ಬರೆಸಿದ್ದೆವು. ಪರೀಕ್ಷೆಯಲ್ಲಿ ಎರಡಕ್ಕೆ ಎರಡು ಅಂಕ ಕೊಟ್ಟಿದ್ದೆವು. ಈಗ ನಾಲ್ಕು ವರ್ಷದಿಂದ ಆ ಕ್ರಿಯೆ ದಿನವೂ ಅವನ ಕೈಯಲ್ಲೇ ನಡೆಯುತ್ತಿದೆ, ಇದೇ ಅದು ಅಂತ ಅವನಿಗೆ ಗೊತ್ತಿಲ್ಲ. ಎರಡಂಕ ಕೊಟ್ಟ ನಮಗೆ ಸೊನ್ನೆ ಹಾಕಬೇಕು.

ಕನ್ನಡದಲ್ಲಿ ಇದನ್ನು ಹೇಳಲಾಗದೇ? ಶಾಲೆಗೆ ಬಂದು ಎಂಟನೆಯ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆವು. ಏನು ಮಾಡಿದೆವು ಅಂತ ಬರೆಯುತ್ತೇವೆ. ಮೇಷ್ಟ್ರುಗಳಿದ್ದರೆ ನೀವೂ ಮಾಡಿಸಿ ನೋಡಿ.

ಇಪ್ಪತ್ತು ಮಕ್ಕಳು ತಮ್ಮ ಎರಡು ಕೈಗಳನ್ನು ತಾವೇ ಹೆಣೆದುಕೊಂಡು ನಿಲ್ಲಬೇಕು. ಇವರು ಚಿಕ್ಕ ಅಣುಗಳು, ಮಾನೋಮರ್. ಯುವಿ ಇಂಕಿನಲ್ಲಿರುವ ಅಕ್ರಿಲೇಟ್‌ಗಳು ಇಂಥವು. ಹೆಣೆದ ಕೈ ಅಂದರೆ ಎರಡು ಇಂಗಾಲದ ನಡುವಿನ ಜೋಡಿಬಂಧ. ಎಲ್ಲರ ಕೈಯೂ ಕಟ್ಟಿರುವುದರಿಂದ ಯಾರೂ ಯಾರನ್ನೂ ಹಿಡಿಯುವುದಿಲ್ಲ. ಡಬ್ಬದಲ್ಲಿ ಇಂಕು ತಿಂಗಳಾನುಗಟ್ಟಲೆ ದ್ರವವಾಗಿಯೇ ಇರುವುದು ಇದಕ್ಕೇ.

ಇವರ ಮಧ್ಯೆ ಇಬ್ಬರು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲಬೇಕು. ಇವರೇ ಬೆಳಕಿಗೆ ಕಾಯುವವರು, ಫೋಟೋಇನಿಶಿಯೇಟರ್. ಇಂಕಿನಲ್ಲಿ ಇವರ ಪಾಲು ತೀರಾ ಸ್ವಲ್ಪ, ಹಾಲಿಗೆ ಹೆಪ್ಪಿನ ಹಾಗೆ. ಟಾರ್ಚು ಇವರ ಮೇಲೆ ಬಿದ್ದ ಕೂಡಲೇ ಕೈ ಬಿಡಬೇಕು. ಈಗ ಇಬ್ಬರಿಗೂ ಒಂದೊಂದು ಕೈ ಸಡಿಲ. ಸಡಿಲ ಕೈಯವನಿಗೆ ಸುಮ್ಮನಿರಲು ಆಗುವುದಿಲ್ಲ. ಹತ್ತಿರದವನ ಹೆಣೆದ ಕೈ ಬಿಡಿಸಿ ಒಂದನ್ನು ಹಿಡಿದುಕೊಳ್ಳುತ್ತಾನೆ. ಆಗ ಅವನ ಇನ್ನೊಂದು ಕೈ ಸಡಿಲವಾಯಿತಲ್ಲ? ಅವನು ಮುಂದಿನವನನ್ನು ಹಿಡಿಯುತ್ತಾನೆ, ಆ ಮುಂದಿನವನು ಅದರ ಮುಂದಿನವನನ್ನು... ಸರಪಳಿ ಬೆಳೆಯುತ್ತಾ ಹೋಗುತ್ತದೆ. ಬೆಳಕಿನ ಕೆಲಸ ಮೊದಲ ಕೈ ಬಿಡಿಸುವುದು ಮಾತ್ರ. ಆಮೇಲೆ ಸಾವಿರಾರು ಅಣುಗಳು ತಾವೇ ಕೈ ಜೋಡಿಸುತ್ತವೆ. ಎರಡು ಸರಪಳಿಯ ಸಡಿಲ ಕೈಗಳು ಒಂದನ್ನೊಂದು ಹಿಡಿದರೆ ಆಟ ಮುಗಿಯಿತು.

ಹೆಪ್ಪಿಗೂ ಇದಕ್ಕೂ ಒಂದು ವ್ಯತ್ಯಾಸ ಹೇಳಲೇಬೇಕು. ಮೊಸರಿನಿಂದ ನಾಳೆಯೂ ಹೆಪ್ಪು ಹಾಕಬಹುದು. ಇಲ್ಲಿ ಕೈ ಬಿಟ್ಟವರು ಸರಪಳಿಯ ತುದಿಯಲ್ಲೇ ಸಿಕ್ಕಿಕೊಳ್ಳುತ್ತಾರೆ, ಮತ್ತೆ ಬಳಕೆಗೆ ಬಾರರು.

ಇಷ್ಟಾದಾಗ ಒಂದು ಹುಡುಗಿ ಕೇಳಿದಳು, "ಸಾರ್, ಸಾಲು ಆದ್ರೆ ಗಟ್ಟಿ ಹೆಂಗಾಗುತ್ತೆ? ಹಗ್ಗದ ಥರ ಅಲ್ಲಾಡುತ್ತಲ್ಲಾ?" ಭಲೇ ಅಂದೆವು. ನಾಲ್ಕು ಮಕ್ಕಳನ್ನು ಇಬ್ಬಿಬ್ಬರಂತೆ ಸೊಂಟಕ್ಕೆ ಟವೆಲ್ಲಿನಲ್ಲಿ ಕಟ್ಟಿದೆವು. ಈಗ ಒಂದೊಂದು ಜೋಡಿಯೂ ಎರಡು ಸಾಲುಗಳಲ್ಲಿ ಸೇರಬಲ್ಲದು. ಸಾಲು ಸಾಲಿಗೆ ಗಂಟು ಬಿತ್ತು, ಹಗ್ಗ ಹೋಗಿ ಬಲೆಯಾಯಿತು, ಯಾರಿಗೂ ಅಲ್ಲಾಡಲು ಆಗಲಿಲ್ಲ. ಇಂಕು ಕಲ್ಲಾಗುವುದು ಹೀಗೆ.

ಬೈಕ್ರೋಮೇಟಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಸರಪಳಿಗಳು ಮೊದಲೇ ಇರುತ್ತವೆ, ಎಮಲ್ಷನ್ನಿನ ಅಂಟೇ ಉದ್ದನೆಯ ಅಣುಗಳದು. ಬೆಳಕು ಬಿದ್ದಾಗ ಕ್ರೋಮಿಯಂ ತನ್ನ ಆರು ವೇಲೆನ್ಸಿಯ ರೂಪದಿಂದ ಮೂರಕ್ಕೆ ಇಳಿದು, ಆ ಸರಪಳಿಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಹಾಗಾಗಿ ಅದು ನೀರಿಗೆ ಕರಗುವುದಿಲ್ಲ. ಹೊಸ ವಿದ್ಯೆಯೇನೂ ಅಲ್ಲ. ಫ್ರಾನ್ಸಿನ ನಿಯೆಪ್ಸ್ 1820ರ ದಶಕದಲ್ಲೇ ಒಂದು ಜಾತಿಯ ಡಾಂಬರನ್ನು ತಗಡಿಗೆ ಬಳಿದು, ಬಿಸಿಲು ತಾಗಿದ್ದು ಗಟ್ಟಿಯಾಗಿ ತಾಗದ್ದು ತೊಳೆದುಹೋಗುವಂತೆ ಮಾಡಿ ಚಿತ್ರ ತೆಗೆದಿದ್ದ. ಬೈಕ್ರೋಮೇಟ್ ಬೆರೆಸಿದ ಜಿಲೆಟಿನ್ ಬೆಳಕಿಗೆ ಗಟ್ಟಿಯಾಗುವುದನ್ನು ಇಂಗ್ಲೆಂಡಿನ ಟಾಲ್ಬಟ್ 1852ರಲ್ಲಿ ಕಂಡುಕೊಂಡ. ಹಲ್ಲಿನ ಡಾಕ್ಟರು ನೀಲಿ ದೀಪ ಹಿಡಿದು ಹುಳುಕು ತುಂಬುತ್ತಾರಲ್ಲ, ಅದೂ ಇದೇ ಕುಲ. ಅದರಲ್ಲಿ ಬೆಳಕು ಹಿಡಿಯುವುದು ಸಾಮಾನ್ಯವಾಗಿ ಕ್ಯಾಂಫರ್‌ಕ್ವಿನೋನ್, ನಮ್ಮ ಆರತಿ ಕರ್ಪೂರದ ನೆಂಟ. ಅದು ಹೆಚ್ಚು ಹೀರುವುದು 468 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು. ಒಂದೊಂದಕ್ಕೂ ಒಗ್ಗುವ ಬೆಳಕು ಬೇರೆ, ಅಷ್ಟೆ.

ಹೇಳಿ, ಇದರಲ್ಲಿ ಕನ್ನಡಕ್ಕೆ ಆಗದ್ದು ಯಾವುದಿತ್ತು?

"ಇದೆಲ್ಲ ತಿಳಿದು ಆ ಹುಡುಗನಿಗೆ ಏನಾಗಬೇಕು? ಗ್ಲೌಸ್ ಹಾಕ್ಕೋ ಅಂದರೆ ಸಾಲದೇ?" ಅಂತ ಸಹೋದ್ಯೋಗಿ ಮಿತ್ರರೊಬ್ಬರು ಕೇಳಿದರು. ಸಾಲದು. ಯಾಕೆಂದರೆ ಅಪಾಯ ಎಲ್ಲಿದೆ ಅನ್ನುವುದು ಈ ಆಟದಲ್ಲೇ ಇದೆ. ಕೈ ಹೆಣೆದು ನಿಂತ ಚಿಕ್ಕ ಅಣುಗಳು ಚರ್ಮದೊಳಗೆ ನುಗ್ಗಬಲ್ಲವು, ಅಲರ್ಜಿ ತರುವವು ಅವೇ. ಬಲೆಯಾಗಿ ಗಟ್ಟಿಯಾದ ಮೇಲೆ ಎಲ್ಲಿಗೂ ಹೋಗಲಾರವು. ಅಂದರೆ ಹಸಿ ಇಂಕಿಗೆ ಹೆದರಬೇಕು, ಪೂರ್ತಿ ಗಟ್ಟಿಯಾದದ್ದಕ್ಕೆ ಅಷ್ಟಾಗಿ ಹೆದರಬೇಕಿಲ್ಲ. ಆದರೆ ದೀಪ ಹಳೆಯದಾಗಿದ್ದರೆ? ಕಪ್ಪು ಬಣ್ಣ ದಪ್ಪವಾಗಿ ಬಿದ್ದು, ಬೆಳಕು ತಳಕ್ಕೆ ಇಳಿಯದಿದ್ದರೆ? ಗಾಳಿಯ ಆಮ್ಲಜನಕ ಬಂದು ಸಡಿಲ ಕೈಗಳನ್ನು ಹಿಡಿದು ಆಟ ಕೆಡಿಸಿದರೆ? (ನಮ್ಮ ಆಟದಲ್ಲಿ ಈ ತುಂಟನ ಪಾತ್ರಕ್ಕೆ ಎಲ್ಲರೂ ಮುಂದೆ ಬಂದರು!) ಆಗ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಅಲ್ಲಿ ಹಸಿ ಅಣುಗಳಿವೆ. ನಮ್ಮ ಹುಡುಗ ಆ ಅಂಟನ್ನು ಬೆರಳಿಂದ ಒತ್ತಿ "ಆಯ್ತಾ ಇಲ್ವಾ" ಅಂತ ದಿನವೂ ನೋಡುತ್ತಿದ್ದ!

ಕೈಗೆ ಇಂಕು ಮೆತ್ತಿದರೆ ಥಿನ್ನರ್ ಹಾಕಿ ಉಜ್ಜುತ್ತಿದ್ದ. ಥಿನ್ನರ್ ಚರ್ಮದ ಜಿಡ್ಡು ತೆಗೆದು ದಾರಿ ಮಾಡಿಕೊಡುತ್ತದೆ. ಸೋಪು ನೀರಲ್ಲಿ ತೊಳೆಯಬೇಕು. ತೊಳೆಯದೆ ಬಿಸಿಲಿಗೆ ಹೋದರೆ ಇಂಕು ಚರ್ಮದ ಮೇಲೇ ಗಟ್ಟಿಯಾಗುತ್ತದೆ, ಯಾಕೆಂದರೆ ಬಿಸಿಲಲ್ಲೂ ಅತಿನೇರಳೆ ಇದೆ. ಗ್ಲೌಸ್ ಅಂತೀರಲ್ಲ, ತೆಳು ರಬ್ಬರಿನ ಗ್ಲೌಸನ್ನು ಅಕ್ರಿಲೇಟ್ ನಿಮಿಷಗಳಲ್ಲಿ ದಾಟಿಬಿಡುತ್ತದೆ. ನೈಟ್ರೈಲ್ ಗ್ಲೌಸ್ ಬೇಕು, ಅದಕ್ಕೂ ಇಂಕು ಮೆತ್ತಿದರೆ ಬದಲಿಸಬೇಕು. "ಗ್ಲೌಸ್ ಹಾಕ್ಕೋ" ಎಂಬ ಅರ್ಧ ಬುದ್ಧಿಮಾತಿನಿಂದ ಹುಡುಗ ಧೈರ್ಯವಾಗಿ ಕೈ ಅದ್ದುತ್ತಾನೆ, ಅಷ್ಟೇ ಲಾಭ.

ಬೈಕ್ರೋಮೇಟ್ ಇನ್ನೂ ಕೆಟ್ಟದ್ದು. ಆರು ವೇಲೆನ್ಸಿಯ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ಪುಡಿಯ ಧೂಳು ಮೂಗಿಗೆ ಹೋಗಬಾರದು. ಇನ್ನೊಂದು ಮಾತು ನಮ್ಮ ಕಡೆಯ ಬಡವರಿಗೆ ಬಹಳ ಮುಖ್ಯ. ಕ್ರೋಮಿಯಂ ಒಮ್ಮೆ ಮೈಗೆ ಆಗದಂತಾದರೆ ಸಿಮೆಂಟೂ ಆಗುವುದಿಲ್ಲ, ಯಾಕೆಂದರೆ ಸಿಮೆಂಟಿನಲ್ಲೂ ಅದು ಚೂರುಪಾರು ಇರುತ್ತದೆ. ಕ್ರೋಮಿನಲ್ಲಿ ಹದ ಮಾಡಿದ ಚರ್ಮದ ಚಪ್ಪಲಿಯೂ ತೊಂದರೆ ಕೊಡಬಹುದು. ಪ್ರಿಂಟಿಂಗ್ ಬಿಟ್ಟು ಗಾರೆ ಕೆಲಸಕ್ಕಾದರೂ ಹೋಗುತ್ತೇನೆ ಅಂದರೆ ಆ ಬಾಗಿಲೂ ಮುಚ್ಚಿತು. ಹತ್ತೊಂಬತ್ತು ವರ್ಷದ ಹುಡುಗನ ಕೈ ಸ್ವಾಮೀ ಅದು! ಅದನ್ನು ನಂಬಿ ಒಂದು ಮನೆ ಇದೆ.

ಈಗ ನಮ್ಮ ಜಗಳ ಯಾರ ಜೊತೆ ಅಂತ ಹೇಳುತ್ತೇವೆ.

ಮೊದಲನೆಯವರು, "ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರೆ ಲೇಬಲ್ ಓದಿಕೊಳ್ಳುತ್ತಿದ್ದ" ಎನ್ನುವವರು. ಅದೇ ಅಂಗಡಿಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಇನ್ನೊಬ್ಬ ಹುಡುಗನಿದ್ದಾನೆ. ಲೇಬಲ್ಲನ್ನು ಗಟಗಟ ಓದಿದ. ಅರ್ಥ ಕೇಳಿದರೆ ಅವನೂ "ಸೇಮ್ ಸಾರ್" ಅಂದ. ಓದುವುದೇ ಬೇರೆ, ತಿಳಿಯುವುದೇ ಬೇರೆ.

ಎರಡನೆಯವರು ನಮ್ಮವರೇ, ಕನ್ನಡ ಪಂಡಿತರು. ಇವರ ಕೈಗೆ ಕೊಟ್ಟರೆ 'ದ್ಯುತಿಪ್ರಾರಂಭಿತ ಬಹ್ವಣುಕೀಕರಣ' ಅಂತೇನೋ ಮಾಡಿ ಕೂರಿಸುತ್ತಾರೆ. ಪದ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಪದ ಕಂಡರೆ ಮಕ್ಕಳು ಬೈಕ್ರೋಮೇಟಿಗಿಂತ ಹೆಚ್ಚು ಹೆದರುತ್ತಾರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ಅಲ್ಲಿದ್ದುಕೊಂಡೇ ಕನ್ನಡದಲ್ಲಿ ಗಿಡಮರಗಳ ಬಗ್ಗೆ ನಗುನಗುತ್ತಾ ಬರೆದರು. 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ತಂದದ್ದು 1936ರಲ್ಲಿ. ಅಷ್ಟು ಹಿಂದೆ ಆದದ್ದು ಈಗ ಆಗದೇ?

ಮೂರನೆಯವರು, "ಇದು ಸಿಲಬಸ್‌ನಲ್ಲಿಲ್ಲ" ಎನ್ನುವ ನಮ್ಮ ಮೇಷ್ಟ್ರು ಬಳಗ. ಸಿಪ್ಕಾಟ್ ಬಂದಮೇಲೆ ಹೊಸೂರು ಕಾರ್ಖಾನೆಗಳ ಊರಾಯಿತು. ಲಾರಿ, ಮೊಪೆಡ್ಡು, ಕೈಗಡಿಯಾರ ಎಲ್ಲ ಇಲ್ಲಿ ತಯಾರಾದವು, ಈಗ ಮೊಬೈಲಿನ ಭಾಗಗಳೂ ಆಗುತ್ತಿವೆ. ಇವುಗಳ ಸುತ್ತ ನೇಮ್‌ಪ್ಲೇಟು, ಸ್ಟಿಕ್ಕರು, ಸರ್ಕ್ಯೂಟ್ ಬೋರ್ಡಿನ ಸಣ್ಣಪುಟ್ಟ ಕೆಲಸದ ಶೆಡ್ಡುಗಳು. ಬೆಳಕಿಗೆ ಗಟ್ಟಿಯಾಗುವ ಸಾಮಾನು ಇಲ್ಲದೆ ಇಂಥ ಕೆಲಸ ಹೆಚ್ಚೇನೂ ನಡೆಯುವುದಿಲ್ಲ. ತಳಿ, ಡೆಂಕಣಿಕೋಟೆ ಕಡೆಯಿಂದ ಬಸ್ಸು ಹತ್ತಿ ಆ ಶೆಡ್ಡುಗಳಿಗೆ ಹೋಗುವವರು ನಮ್ಮ ಮಕ್ಕಳೇ. ಸಿಲಬಸ್ಸಿನಲ್ಲಿ ಇಲ್ಲ ಅಂತ ಅವರ ಕೈ ಸುಮ್ಮನೆ ಬಿಡುತ್ತದೆಯೇ?

ನಾಲ್ಕನೆಯವರು, ಸೀಸೆ ತಯಾರಿಸುವವರು. ನಮ್ಮ ರೈತರು ಟೊಮೇಟೊಗೆ, ಗುಲಾಬಿಗೆ ಹೊಡೆಯುವ ಔಷಧಿ ಡಬ್ಬ ನೋಡಿ. ಕೆಂಪು, ಹಳದಿ, ನೀಲಿ, ಹಸಿರು ಗುರುತಿನಲ್ಲಿ ಎಷ್ಟು ವಿಷ ಅಂತ ತೋರಿಸಿರುತ್ತಾರೆ. 1971ರ ಕೀಟನಾಶಕ ನಿಯಮಗಳು ಹಿಂದಿ, ಇಂಗ್ಲಿಷಿನ ಜೊತೆ ಆ ಪ್ರದೇಶದ ಭಾಷೆಯಲ್ಲೂ ಮಾಹಿತಿ ಕೊಡಬೇಕೆಂದವು. ಹೊಲದ ಡಬ್ಬಕ್ಕೆ ಆದದ್ದು ಪ್ರೆಸ್ಸಿನ ಡಬ್ಬಕ್ಕೆ ಯಾಕಾಗಬಾರದು? ಯುರೋಪಿನಲ್ಲಿ ರಾಸಾಯನಿಕದ ಲೇಬಲ್ಲು ಅದು ಮಾರಾಟವಾಗುವ ದೇಶದ ಅಧಿಕೃತ ಭಾಷೆಯಲ್ಲಿರಬೇಕೆಂದು 2008ರ ಕಾನೂನೇ ಹೇಳುತ್ತದೆ. ಎಸ್ಟೋನಿಯಾ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. ಅವರಿಗೆ ಅವರ ಭಾಷೆಯಲ್ಲಿ ಲೇಬಲ್ಲು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿಗೂ ಮಿಕ್ಕಿ, ತಮಿಳರು ಅದಕ್ಕೂ ಹೆಚ್ಚು. ನಮಗೆ ಇರುವೆ ಸಾಲು!

ಅಲ್ಲಿನವರು ಲೇಬಲ್ಲಿಗೇ ನಿಲ್ಲಲಿಲ್ಲ. 2005ರಲ್ಲಿ ಇಟಲಿಯಲ್ಲಿ ಹಸುಗೂಸುಗಳ ಹಾಲಿನ ಪೊಟ್ಟಣದೊಳಗೆ ಐಟಿಎಕ್ಸ್ ಎಂಬ ಫೋಟೋಇನಿಶಿಯೇಟರ್ ಪತ್ತೆಯಾಯಿತು. ಪೊಟ್ಟಣದ ಹೊರಗೆ ಮುದ್ರಿಸಿದ ಇಂಕಿನಿಂದ ಅದು ಒಳಮೈಗೆ ದಾಟಿತ್ತು. ಸಿಕ್ಕ ಪ್ರಮಾಣದಿಂದ ಆರೋಗ್ಯಕ್ಕೆ ಆತಂಕವಿಲ್ಲ ಎಂದು ತಜ್ಞರು ಹೇಳಿದರೂ, ಲಕ್ಷಗಟ್ಟಲೆ ಲೀಟರ್ ಹಾಲನ್ನು ವಶಪಡಿಸಿಕೊಂಡರು. ಟಿಪಿಒ ಎಂಬ ಇನ್ನೊಂದು ಫೋಟೋಇನಿಶಿಯೇಟರನ್ನು ಉಗುರಿನ ಜೆಲ್ ಪಾಲಿಶ್ ಮುಂತಾದ ಸೌಂದರ್ಯ ಸಾಮಗ್ರಿಗಳಲ್ಲಿ ಬಳಸಬಾರದೆಂದು 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದರು. ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ. ಅಲ್ಲಿ ಉಗುರಿನ ಬಣ್ಣದ ಬಗ್ಗೆ ಇಷ್ಟು ಕಾಳಜಿ. ಇಲ್ಲಿ ಬೆರಳೇ ಹೋದರೂ ಹೆಸರು ಹೇಳುವವರಿಲ್ಲ.

ಅಂಗಡಿಯ ಯಜಮಾನರನ್ನು ನಾವು ಬೈಯಲಿಲ್ಲ. ಅವರ ಕೈಯೂ ಹಾಗೇ ಇತ್ತು. ಬೈಕ್ರೋಮೇಟ್ ಬಿಟ್ಟು ಡಯಾಜೋ ಎಮಲ್ಷನ್ ಬಳಸಬಹುದಲ್ಲಾ ಅಂದೆವು. "ರೇಟ್ ಜಾಸ್ತಿ ಮೇಷ್ಟ್ರೇ, ನೋಡೋಣ" ಅಂದರು. 1984ರ ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ಅಪಾಯದ ಮಾಹಿತಿ ಪಡೆಯುವುದು ಕಾರ್ಮಿಕನ ಹಕ್ಕು ಅಂತ ಬರೆದರು. ಆದರೆ ಕಾರ್ಖಾನೆ ಅನ್ನಿಸಿಕೊಳ್ಳಲು ಕರೆಂಟಿದ್ದರೂ ಹತ್ತು ಜನ ಬೇಕಿತ್ತು. ಮೂರು ಜನರ ಶೆಡ್ಡಿಗೆ ಆ ಹಕ್ಕು ಬರಲೇ ಇಲ್ಲ.

ಅದಕ್ಕೇ ನಾವು ಒಂದು ಹಾಳೆ ಬರೆದು ಅಂಗಡಿಯ ಗೋಡೆಗೆ ಅಂಟಿಸಿ ಬಂದೆವು. ಐದೇ ಸಾಲು. ಹಸಿ ಇಂಕು ಮುಟ್ಟಬೇಡ. ಥಿನ್ನರಿನಲ್ಲಿ ಕೈ ತೊಳೆಯಬೇಡ. ಕಿತ್ತಳೆ ಪುಡಿಯ ಧೂಳು ಎಬ್ಬಿಸಬೇಡ. ವೆಲ್ಡಿಂಗ್ ಬೆಂಕಿಯಂತೆ ಯುವಿ ದೀಪವನ್ನೂ ಬರಿಗಣ್ಣಲ್ಲಿ ನೋಡಬೇಡ. ತುರಿ ಶುರುವಾದರೆ ಈ ಹೆಸರುಗಳನ್ನು ಡಾಕ್ಟರಿಗೆ ತೋರಿಸು: ಬೈಕ್ರೋಮೇಟ್, ಅಕ್ರಿಲೇಟ್. ಮುಂದಿನ ವಾರ ಹೋದಾಗ ಅದರ ಕೆಳಗೆ ಯಾರೋ ತಮಿಳಿನಲ್ಲೂ ತೆಲುಗಿನಲ್ಲೂ ಬರೆದಿದ್ದರು. ಯಾರೂ ಹೇಳಿರಲಿಲ್ಲ.

ನವೆಂಬರ್ ಬಂದರೆ ಬೆಂಗಳೂರಿನಿಂದ ಗಡಿ ಕನ್ನಡಿಗರ ಮೇಲೆ ಪ್ರೀತಿ ಉಕ್ಕಿ ಬರುತ್ತದೆ. ಶಾಲು, ಹಾರ, ಮೈಕು ಎಲ್ಲ ಬರುತ್ತದೆ. ಬರಲಿ, ಸಂತೋಷ. ಈ ಸಲ ಒಂದು ಮೈಕಿನ ಬಾಡಿಗೆ ಉಳಿಸಿ, ಇಂಥ ಐದು ಸಾಲಿನ ಹಾಳೆಗಳನ್ನು ನೂರು ಕೆಲಸಗಳಿಗೆ ಮಾಡಿಸಿ ಕಳಿಸಿಕೊಡಿ. ಪ್ಲೇಟಿಂಗ್ ಶಾಪಿಗೊಂದು, ಬ್ಯಾಟರಿ ಅಂಗಡಿಗೊಂದು, ಪೇಂಟ್ ಬೂತಿಗೊಂದು. ರಸಾಯನಶಾಸ್ತ್ರ ಓದಿದವರು ನಮ್ಮಂಥ ಬಿಎ ಮೇಷ್ಟ್ರು ಬರೆದದ್ದನ್ನು ತಿದ್ದಿಕೊಡಿ. ಕನ್ನಡ ಉಳಿಯುವುದು ಹೀಗೆ, ಅದು ಕೈ ಉಳಿಸಿದಾಗ.

ಹುಡುಗ ಈಗ ಹೆಸರು ಬರೆದ ಚೀಟಿ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿದ್ದಾನೆ. ಕೈ ಇನ್ನೂ ವಾಸಿಯಾಗಿಲ್ಲ. ಮದುವೆಗೆ ನಾವು ಹೋಗುತ್ತೇವೆ.

ನೀವೇನಂತೀರಿ?